ಚೀಟಿಯ ಬಾಲ

ಆಯಮ್ಮ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಸ್ಟ್ರೆಚರ್ ತಳ್ಳಿದವಳು. ಹೊಸದರಲ್ಲಿ ಒಮ್ಮೆ ನೆಫ್ರಾಲಜಿಗೆ ಹೋಗಬೇಕಾದ ಅಜ್ಜನನ್ನು ನ್ಯೂರಾಲಜಿಯ ಬಾಗಿಲಿಗೆ ಒಯ್ದು ನಿಲ್ಲಿಸಿದ್ದಳು. ದೊಡ್ಡ ಡಾಕ್ಟರು ಬೈಯಲಿಲ್ಲ. "ಇವೆಲ್ಲ ಗ್ರೀಕರ ಮಾತಮ್ಮ. ನೆಫ್ರೋಸ್ ಅಂದ್ರೆ ಮೂತ್ರಪಿಂಡ, ನ್ಯೂರಾನ್ ಅಂದ್ರೆ ನರ. ಪದದ ತಲೆ ನೋಡಿದ್ರೆ ಯಾವ ಅಂಗ ಅಂತ ತಿಳಿಯುತ್ತೆ, ಬಾಲ ನೋಡಿದ್ರೆ ಏನು ಮಾಡ್ತಾರೆ ಅಂತ ತಿಳಿಯುತ್ತೆ" ಎಂದರು. ಅಂದಿನಿಂದ ಅವಳು ಅಕ್ಷರಕ್ಕೆ ಅಕ್ಷರ ಕೂಡಿಸಿ, ತಲೆ ಬಾಲ ಬಿಡಿಸಿ ನೋಡದೆ ಸ್ಟ್ರೆಚರ್ ಮುಟ್ಟಿದವಳಲ್ಲ.

ಆ ಬೆಳಿಗ್ಗೆ ಬೆಂಚಿನ ಮೇಲೆ ಚೀಟಿ ಹಿಡಿದು ಕೂತಿದ್ದವಳು ಅವಳ ನಾದಿನಿಯೇ. ಚೀಟಿಯಲ್ಲಿ ಗ್ಯಾಸ್ಟ್ರೋಸ್ಕೋಪಿ ಎಂದಿತ್ತು. ಹೋದ ವರ್ಷ ಪಕ್ಕದ ಮನೆಯವನಿಗೆ ಗ್ಯಾಸ್ಟ್ರೆಕ್ಟಮಿ ಎಂದು ಬರೆದು ಜಠರವನ್ನೇ ತೆಗೆದಿದ್ದರು.

"ನಾನು ಮನೆಗೆ ಹೋಗ್ತೀನಿ ಅತ್ತಿಗೆ. ಹೊಟ್ಟೇನೇ ತೆಗೆದ್ಮೇಲೆ ಉಂಡಿದ್ದು ಎಲ್ಲಿಗೆ ಹೋಗ್ಬೇಕು?"

"ಬಾಯಿ ಇರುತ್ತಲ್ಲ, ನಿನಗೆ ಅದೇ ಸಾಕು. ಚೀಟಿ ಕೊಡು ಇಲ್ಲಿ."

ಆಯಮ್ಮ ಬೆರಳಿಟ್ಟು ನಿಧಾನವಾಗಿ ಓದಿದಳು.

"ಗ್ಯಾಸ್ಟರ್ ಅಂದ್ರೆ ಹೊಟ್ಟೆ, ಅದು ಇಬ್ಬರಿಗೂ ಒಂದೇ. ಅವನದರ ಬಾಲ ಎಕ್ಟಮಿ, ಅಂದ್ರೆ ಕತ್ತರಿಸಿ ತೆಗೆಯೋದು. ನಿನ್ನದು ಸ್ಕೋಪಿ. ಬಾಯಿಂದ ಕೊಳವೆ ಇಳಿಸಿ ಬರೀ ನೋಡೋದು."

"ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟೋರು ನೀವು. ತಪ್ಪಿದ್ರೆ?"

"ಮೂವತ್ತು ವರ್ಷದಲ್ಲಿ ಒಂದೇ ಸಲ ತಪ್ಪಿದ್ದು. ಆ ಅಜ್ಜನೂ ಗುಣವಾಗಿ ಮನೆಗೆ ಹೋದ್ರು."

ನಾದಿನಿ ಕಟ್ಟಿಸಿಕೊಂಡಿದ್ದ ಹಲ್ಲಿನ ಸೆಟ್ಟನ್ನು ತೆಗೆದು ಅತ್ತಿಗೆಯ ಅಂಗೈಯಲ್ಲಿಟ್ಟು, ತಾನೇ ಎದ್ದು ಒಳಗೆ ನಡೆದಳು.