ರವಿವಾರದ ಐದು ಓದು

ವಾರಕ್ಕೊಮ್ಮೆ ಐದು ಲೇಖನ ಆರಿಸಿ ಮೊಬೈಲಿನ ಗ್ರೂಪಿಗೆ ಕಳಿಸುವುದು ನನ್ನ ಚಟ. ವ್ಯಾಪಾರ, ಕಲೆ, ಪತ್ರಿಕೆ-ಟೀವಿಗಳ ಒಳಗುಟ್ಟು, ಹೀಗೆ ಕಣ್ಣಿಗೆ ಬಿದ್ದ ಚಲೋ ಓದು. ಗೋಕಾಕ, ಹುಕ್ಕೇರಿ ಕಡೆಯ ಬಹಳ ಮಂದಿ ಗ್ರೂಪಿನಲ್ಲಿದ್ದಾರೆ. ಹೊಗಳಿದರೆ ನಾನೂ ಬೇಡವೆನ್ನುವವನಲ್ಲ.

ಈ ರವಿವಾರ ಚಹಾ ಕುಡಿಯುವಾಗ ಮೂಡಲಗಿಯಿಂದ ಸಂದೇಶ ಬಂತು. ಹೊಲಿಗೆ ಕೆಲಸ ಮಾಡುವ ಸವಿತಾ ಅವರದು. “ಬಟ್ಟಿ ಚೀಲದ ಅಂಗಡಿ ಲೇಖನ ಬಾಳ ಚಲೋ ಐತ್ರಿ ಸರ. ನಾನೂ ಸುರು ಮಾಡ್ತೇನಿ. ನಾಳೆ ಚೀಲದ ಮ್ಯಾಲ ಅಚ್ಚು ಹಾಕೋ ಮಷೀನ್ ತರಾಕ ಹೊಂಟೇನಿ.”

ಹಿಗ್ಗಿನಿಂದ ಲೇಖನ ಮತ್ತೆ ತೆರೆದೆ. ‘ಮತ್ತೆ’ ಅಂದೆ, ಖರೆ ಹೇಳಬೇಕೆಂದರೆ ಕೊನೆಯವರೆಗೆ ಓದಿದ್ದು ಅದೇ ಮೊದಲು. ಕೊನೆಯ ಪ್ಯಾರಾದಲ್ಲಿತ್ತು: ಆ ಅಂಗಡಿ ನಡೆಯದೆ ಮುಚ್ಚಿಹೋಗಿದೆ. ಗ್ರೂಪಿನಿಂದ ಸದ್ದಿಲ್ಲದೆ ಅಳಿಸಿಬಿಟ್ಟರೆ ಮುಗಿಯಿತಲ್ಲ ಎಂದು ಬೆರಳೂ ಮುಂದಾಯಿತು. ಆಗಲೇ ನೆನಪಾದವರು ಬಸಪ್ಪ ಕಾಕಾ.

ಕಾಕಾ ನಮ್ಮ ಓಣಿಯವರು, ಗೋಕಾಕ ಫಾಲ್ಸಿನ ನೂಲಿನ ಗಿರಣಿಯಲ್ಲಿ ದುಡಿಯುತ್ತಿದ್ದವರು. ವಾರವಿಡೀ ಸಲೂನು, ಚಹಾದಂಗಡಿಗಳ ಹಳೆ ಪೇಪರು ಕೇಳಿ ತರುತ್ತಿದ್ದರು. ರವಿವಾರ ಮನೆಯ ಕಟ್ಟೆ ಮೇಲೆ ಕೂತು ಆರಿಸಿದ ತುಣುಕುಗಳನ್ನು ದೊಡ್ಡ ದನಿಯಲ್ಲಿ ಓದುತ್ತಿದ್ದರು. ಕೇಳಲು ಓಣಿಯೇ ಸೇರುತ್ತಿತ್ತು. ಕತ್ತರಿಸುವ ಕೆಲಸ ಡಿಗ್ರಿ ಓದುತ್ತಿದ್ದ ನನ್ನದು. ನನಗೋ ಅಂದದ ಹುಚ್ಚು! ತುಣುಕು ಚಂದ ಕಾಣಲಿ ಎಂದು ಅಂಚನ್ನೆಲ್ಲ ಸವರಿ ಹಾಕುತ್ತಿದ್ದೆ. ಅಂಚಿನ ಜತೆ ತಾರೀಖೂ ಹೋಗುತ್ತಿತ್ತು.

ಒಮ್ಮೆ ಹುಕ್ಕೇರಿಯಲ್ಲಿ ಕಂಬಳಿ ನೇಯುವವರ ಪ್ರದರ್ಶನ-ಮಾರಾಟವಿದೆ ಎಂಬ ಸುದ್ದಿಯನ್ನು ಕಾಕಾ ಓದಿದರು. ಕೌಜಲಗಿಯಿಂದ ನಮ್ಮ ಓಣಿಯಲ್ಲಿದ್ದ ಮಗಳ ಮನೆಗೆ ಬಂದಿದ್ದ ಗಂಗವ್ವ, ಕುರುಬರ ಹಿರಿಯ ಹೆಂಗಸು, ಮೂರು ಕಂಬಳಿ ಹೊತ್ತು ಹೋದಳು. ಅಲ್ಲಿ ಏನೂ ಇರಲಿಲ್ಲ. ಸುದ್ದಿ ಹಿಂದಿನ ವರ್ಷದ್ದು.

ಮುಂದಿನ ರವಿವಾರ ಕಾಕಾ ಗಂಗವ್ವನನ್ನು ಕರೆಸಿ, ಮುಂದೆ ಕೂರಿಸಿ, ಓದು ಶುರು ಮಾಡುವ ಮೊದಲೇ ಎದ್ದು ನಿಂತರು. “ಹೋದ ವಾರ ನಾ ಓದಿದ್ದು ಹಳೇ ಸುದ್ದಿ. ಈ ತಾಯಿ ಸುಮ್ನ ತಿರುಗಿ ಬಂದಾಳ. ತಪ್ಪು ನಂದು.” ನನ್ನ ಹೆಸರೆತ್ತಲಿಲ್ಲ. ನನಗೆ ನೆಲ ಬಿರಿದರೆ ಸಾಕೆನ್ನಿಸಿತ್ತು. ಗಂಗವ್ವ ಮಾತ್ರ ಕೈಯಾಡಿಸಿ, “ಹೋಗ್ಲಿ ಬಿಡಪಾ, ಹುಕ್ಕೇರಿ ನೋಡಿರಲಿಲ್ಲ, ನೋಡಿದಂಗಾತು,” ಅಂದಳು.

ಎಲ್ಲರೂ ಹೋದಮೇಲೆ ಕೇಳಿದೆ: “ತಪ್ಪು ನಂದಲ್ಲೇನ್ರಿ ಕಾಕಾ?”

“ಓದಿದಾಂವ ನಾ. ಮಂದಿ ನನ್ನ ಬಾಯಿ ನಂಬಿ ಬರ್ತಾರ, ನಿನ್ನ ಕತ್ತರಿ ನಂಬಿ ಅಲ್ಲ.”

ಆ ಮಾತು ಅಂದು ಸಮಾಧಾನದಂತೆ ಕೇಳಿಸಿತ್ತು. ಇಂದು ಕಪಾಳಕ್ಕೆ ಬಿತ್ತು. ಓದದೆಯೇ ಓದಿರೆಂದು ಮಂದಿಗೆ ಹೇಳಿದವನು ನಾನು.

ಆ ಅಂಗಡಿ ಮುಚ್ಚಿದೆ, ಲೇಖನವನ್ನು ನಾನು ಪೂರ್ತಿ ಓದದೆ ಕಳಿಸಿದ್ದೆ ಎಂದು ಗ್ರೂಪಿಗೆ ಇದ್ದದ್ದನ್ನು ಇದ್ದಂತೆ ಬರೆದೆ. ಆಮೇಲೆ ಸವಿತಾ ಅವರಿಗೆ ಫೋನು ಹಚ್ಚಿ, ಆ ಅಂಗಡಿ ಯಾಕೆ ಮುಚ್ಚಿತೆಂಬ ಭಾಗವನ್ನು ಪೂರ್ತಿ ಓದಿ ಹೇಳಿದೆ. ಅವರು ಹ್ಞೂಂ ಎನ್ನುತ್ತ ಕೇಳಿದರು.

“ಹಂಗಾರ ಮಷೀನ್ ಸದ್ಯಕ್ಕ ಬ್ಯಾಡ್ರಿ,” ಅಂದರು. ಆಮೇಲೆ ಕೇಳಿದರು: “ಸರ, ಉಳಿದ ನಾಕು ಲೇಖನ ಪೂರ್ತಿ ಓದೀರೇನ್ರಿ?”

ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. “ಎರಡು ಓದೇನಿ,” ಅಂದೆ.

ಅವರು ನಕ್ಕರು. “ಹಂಗಾರ ಆ ಎರಡು ಯಾವು ಹೇಳ್ರಿ. ಅವನ್ನ ನಾ ನಂಬಿ ಓದ್ತೇನಿ.”