ಟೆರೇಸಿನ ಮೇಲೆ ಹುಚ್ಚೆಳ್ಳು

ಮಂಡಿ ಆಪರೇಷನ್ ಆದ ಮೇಲೆ ಆಫೀಸಿಗೆ ಮೂರು ತಿಂಗಳು ರಜೆ ಹಾಕಿ ಮನೆಯಲ್ಲಿದ್ದೆ. ಇಪ್ಪತ್ತೆಂಟು ವರ್ಷ ಬೆಳಿಗ್ಗೆ ಎಂಟೂವರೆಯ ಬಸ್ಸು ಹಿಡಿದವಳಿಗೆ, ಹಗಲು ಹೊತ್ತಿನಲ್ಲಿ ಬಸವನಗುಡಿಯ ನಮ್ಮ ಬೀದಿ ಹೇಗಿರುತ್ತದೆಂಬುದೇ ಗೊತ್ತಿರಲಿಲ್ಲ. ಗಂಡ ಶಾಲೆಗೆ ಪಾಠ ಮಾಡಲು ಹೊರಟ ಮೇಲೆ ವಾಕರ್ ಹಿಡಿದುಕೊಂಡು ಹೊರಗೆ ಬಂದು, ಮನೆಗೂ ಕಾಂಪೌಂಡಿಗೂ ನಡುವೆ ಇರುವ ಕಿರಿದಾದ ಜಾಗದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಜೇನು ಕಣ್ಣಿಗೆ ಬಿದ್ದದ್ದು ಹಾಗೆ.

ನಮ್ಮದು ಹಳೆಯ ಮನೆ. ಅಡುಗೆಮನೆಯ ಗೋಡೆಯ ಗವಾಕ್ಷಿಗೆ ಒಳಗಿನಿಂದ ಎಂದೋ ಹಲಗೆ ಹೊಡೆದಿದ್ದೆವು. ಹೊರಗೆ ಉಳಿದ ಪೊಳ್ಳಿನಲ್ಲಿ ತುಡುವೆ ಜೇನು ಗೂಡು ಕಟ್ಟಿತ್ತು. ಎಷ್ಟು ವರ್ಷದಿಂದಲೋ ತಿಳಿಯದು. ಮೊದಲೆರಡು ದಿನ ಹೆದರಿಕೆಯಾಯಿತು. ಆಮೇಲೆ ಅವು ಹೊರಡುವುದು, ಮರಳುವುದು, ಬಾಗಿಲಲ್ಲಿ ಒಂದನ್ನೊಂದು ಮುಟ್ಟಿ ನೋಡುವುದು ಇವನ್ನೆಲ್ಲ ನೋಡುತ್ತಾ ನನ್ನ ನೋವು ಮರೆಯತೊಡಗಿದೆ. ಮನೆಯಲ್ಲಿ ಮಾತಾಡಲು ಯಾರೂ ಇಲ್ಲದಾಗ ಇಂಥ ಗದ್ದಲವೂ ಒಂದು ಜೊತೆಯೇ.

ಗೋಡೆಯಾಚೆಯದು ಮೂರಂತಸ್ತಿನ ಹೊಸ ಮನೆ. ಯಜಮಾನರು ಮಾಗಡಿ ಕಡೆಯವರು, ಸೈಟು ಮನೆಗಳ ವ್ಯವಹಾರ. ಅವರ ಕಾರು ನಮ್ಮ ಗೇಟಿಗೆ ಅಡ್ಡ ನಿಲ್ಲುತ್ತದೆಂದು ಒಮ್ಮೆ ಜಗಳವಾಗಿ ಮಾತು ನಿಂತುಹೋಗಿತ್ತು. ಅವರ ಹೆಂಡತಿಯೊಂದಿಗಂತೂ ನಾನು ಒಂದು ಮಾತನ್ನೂ ಆಡಿರಲಿಲ್ಲ. ಹನ್ನೊಂದು ವರ್ಷದಿಂದ ಪಕ್ಕದಲ್ಲಿದ್ದವರು.

ಆಷಾಢದ ಒಂದು ಮಧ್ಯಾಹ್ನ ಆ ಯಜಮಾನರು ನಮ್ಮ ಗೇಟಿನ ಬಳಿ ಬಂದು ನಿಂತರು.

"ಮೇಡಂ, ನಿಮ್ಮ ಗೋಡೆ ಜೇನು ನಮ್ಮನೆಯವಳಿಗೆ ಕಚ್ಚಿದೆ. ಕೈ ಊದ್ಕೊಂಡು ಮೇಲಕ್ಕೆತ್ತೋಕೆ ಆಗ್ತಿಲ್ಲ. ನಾಳೆ ಔಷಧಿ ಹೊಡೆಯೋರನ್ನ ಕರೆಸ್ತೀನಿ."

"ತುಂಬಾ ಬೇಜಾರಾಯ್ತು," ಎಂದೆ. "ಆದ್ರೆ ಔಷಧಿ ಬೇಡ. ಅವು ಹಾಗೇ ಸಾಯ್ತಿದ್ದಾವೆ, ಬನ್ನಿ ನೋಡಿ."

ಅವರು ಒಳಗೆ ಬಂದು ನನ್ನ ಕುರ್ಚಿಯ ಸುತ್ತ ನೋಡಿದರು. ಸಿಮೆಂಟು ನೆಲದ ಮೇಲೆ ಜೇನುಗಳು ಉದುರಿ ಬಿದ್ದಿದ್ದವು. ಕೆಲವು ಇನ್ನೂ ಕಾಲಾಡಿಸುತ್ತಿದ್ದವು. ಒಂದು ವಾರದಿಂದ ಹೀಗಾಗುತ್ತಿತ್ತು. ಹಿಂದಿನ ದಿನವಷ್ಟೇ ನನ್ನ ಗಂಡ ವಿಶ್ವೇಶ್ವರಪುರಂ ತಿಂಡಿ ಬೀದಿಯಿಂದ ಬಂದು, "ನಿನ್ನ ಜೇನು ಅಲ್ಲಿ ಜಿಲೇಬಿ ಪಾಕಕ್ಕೆ ಬಿದ್ದು ಸತ್ತಿದ್ದಾವೆ ಕಣೇ. ಅಂಗಡಿಯವನು ಜಾಲರಿ ಸೌಟಲ್ಲಿ ತೆಗೆದು ತೆಗೆದು ಎಸೀತಿದ್ದ," ಎಂದು ಹೇಳಿದ್ದರು. ಬೇಸಿಗೆಯ ಹೊಂಗೆ ಹೂವು ಮುಗಿದಿತ್ತು. ಮಳೆಗಾಲಕ್ಕೆ ನಮ್ಮ ಬೀದಿಯಲ್ಲಿ ಹೂವೆಂಬುದೇ ಉಳಿದಿರಲಿಲ್ಲ. ಇದ್ದ ಅಂಗಳಗಳೆಲ್ಲ ಕಾರು ನಿಲ್ಲಿಸಲು ಟೈಲ್ಸ್ ಆಗಿದ್ದವು, ನಮ್ಮ ಮುಂದಿನ ಅಂಗಳವೂ ಅಷ್ಟೇ.

"ಹಸಿವಿಗಾ?" ಎಂದು ಕೇಳಿದರು.

"ಹಾಗೇ ಕಾಣ್ಸುತ್ತೆ."

ನೆಲದ ಜೇನು ತುಳಿಯದಂತೆ ಕಾಲು ಹಿಂದಿಟ್ಟು, "ಆಯುಧಪೂಜೆ ತನಕ ನೋಡ್ತೀನಿ. ಆಮೇಲೆ ನಾನು ಕೇಳೋನಲ್ಲ," ಎಂದು ಹೊರಟರು.

ಎರಡು ದಿನ ಬಿಟ್ಟು ಅವರ ಹೆಂಡತಿ ಬಂದರು. ಬಲಗೈಯ ಊತ ಇನ್ನೂ ಪೂರ್ತಿ ಇಳಿದಿರಲಿಲ್ಲ, ಸುಣ್ಣ ಹಚ್ಚಿದ ಗುರುತಿತ್ತು. ಬೈಯಲು ಬಂದಿರಬೇಕೆಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡೆ. ಅವರು ಎಡಗೈಯಲ್ಲಿದ್ದ ಸಣ್ಣ ಬಟ್ಟೆಗಂಟನ್ನು ನನ್ನ ಮಡಿಲಲ್ಲಿಟ್ಟರು.

"ಹುಚ್ಚೆಳ್ಳು ಅಕ್ಕಾ. ಚಟ್ನಿಪುಡಿಗೆ ಅಂತ ಊರಿಂದ ತಂದಿದ್ದು. ಹುರಿದಿಲ್ಲ. ನಮ್ಮಪ್ಪನ ಹೊಲದಲ್ಲಿ ಬೇರೆ ಹೂವೆಲ್ಲ ಮುಗಿದ ಮೇಲೆ ಇದು ಬಿಡೋದು. ಜೇನು ಹೆಂಗೆ ಮುತ್ಕೊಳ್ತಿದ್ವು ಅಂದ್ರೆ, ಹೊಲ ಅಷ್ಟೂ ಗುಂಯ್ ಅನ್ನೋದು."

ನಾನು ಗಂಟು ಬಿಚ್ಚಿದೆ. ನುಣ್ಣಗೆ ಹೊಳೆಯುವ ಕಪ್ಪು ಕಾಳು. ಅಷ್ಟು ವರ್ಷ ಅಡುಗೆಗೆ ಬಳಸಿದ್ದೆ, ಅದಕ್ಕೊಂದು ಗಿಡ, ಹೂವು ಇರುತ್ತದೆಂದು ಎಂದೂ ಯೋಚಿಸಿರಲಿಲ್ಲ.

"ಕೈ ಹೀಗೆ ಊದಿದೆ, ಅವುಕ್ಕೇ ಊಟ ತಂದಿದ್ದೀರಲ್ಲ," ಎಂದೆ.

"ನಾನೇ ಅದರ ದಾರೀಲಿ ಬಟ್ಟೆ ಒಣಗಾಕಿದ್ದೆ. ಅದೇನು ಬೇಕಂತ ಕಚ್ಚಿತಾ?"

ಬಿತ್ತಲು ಮಣ್ಣೆಲ್ಲಿದೆ ಎಂಬ ಪ್ರಶ್ನೆ ಬಂತು. ನಮ್ಮ ಟೆರೇಸಿಗೆ ಪಕ್ಕದಿಂದಲೇ ಮೆಟ್ಟಿಲು. ಅಲ್ಲಿ ಖಾಲಿ ಪೇಂಟ್ ಡಬ್ಬಗಳು, ಒಡೆದ ಬಕೆಟ್, ಒಂದು ಹಳೆಯ ಸಿಂಕ್ ಬಿದ್ದಿದ್ದವು. ನನಗೆ ಮೆಟ್ಟಿಲು ಹತ್ತುವ ಹಾಗಿರಲಿಲ್ಲ. ಗಂಡ ನರ್ಸರಿಯಿಂದ ಮಣ್ಣು, ಗೊಬ್ಬರ ಹೊತ್ತು ಹಾಕಿದರು. ಬಿತ್ತಿದ್ದು, ನೀರು ಹಾಕಿದ್ದು ಆಕೆ. ಶ್ರಾವಣದ ಮೊದಲ ವಾರ ಅದು. ಮೂರನೆಯ ದಿನ ಕೆಳಗಿಳಿದು ಬಂದು ಮೆಟ್ಟಿಲ ಮೇಲೇ ಕೂತುಬಿಟ್ಟರು.

"ಪಾರಿವಾಳ ಅಷ್ಟೂ ಕೆದಕಿ ತಿಂದಿದ್ದಾವೆ ಅಕ್ಕಾ. ಒಂದು ಕಾಳು ಬಿಟ್ಟಿಲ್ಲ."

ಗಂಟಿನಲ್ಲಿ ಅರ್ಧ ಹಿಡಿಯಷ್ಟು ಉಳಿದಿತ್ತು. ಗೌರಿ ಹಬ್ಬದ ಹಿಂದಿನ ವಾರ ಅದನ್ನು ಬಿತ್ತಿ, ನನ್ನ ಎರಡು ಹಳೆಯ ನೈಲಾನ್ ಸೀರೆಗಳನ್ನು ಕಡ್ಡಿ ಊರಿ ಮೇಲೆ ಹೊದಿಸಿದರು. ಅದು ಹೂ ಬಿಡುವ ತನಕ ಜೇನು ಬದುಕಬೇಕಲ್ಲ? ಇದ್ದದ್ದು ತುಳಸಿ ಮಾತ್ರ. ನನ್ನ ಗಂಡ ದಿನಾ ಸ್ನಾನವಾದ ಮೇಲೆ ತುಳಸಿಯ ತೆನೆಗಳನ್ನು ಚಿವುಟುತ್ತಾರೆ. ಗಿಡ ದಟ್ಟವಾಗಿ ಬೆಳೆಯಲೆಂದು ಅವರ ಅಮ್ಮ ಕಲಿಸಿದ ಅಭ್ಯಾಸ. ತೆನೆ ಕೀಳದೆ ಹಾಗೇ ಬಿಡಿ ಎಂದು ನಾನು ಕೇಳಿದಾಗ ಕೈ ಹಿಂದಕ್ಕೆ ತೆಗೆದುಕೊಂಡು ಯೋಚಿಸಿದರು.

"ಗಿಡ ಬೇಗ ಹೋಗ್ಬಿಡುತ್ತೆ."

"ಹೋದ್ರೆ ಇನ್ನೊಂದು ಹಾಕೋಣ."

ಮರುದಿನದಿಂದ ಚಿವುಟಲಿಲ್ಲ. ತೆನೆ ಉದ್ದವಾಗಿ ನೇರಳೆ ಬಣ್ಣಕ್ಕೆ ತಿರುಗಿ, ಬೆಳಿಗ್ಗೆ ಹತ್ತರ ಹೊತ್ತಿಗೆ ನಾಲ್ಕೈದು ಜೇನು ಬರತೊಡಗಿದವು. ನಾಲ್ಕೈದೇ.

ಆಕೆ ದಿನಾ ನೀರು ಹಾಕಿ ಇಳಿದ ಮೇಲೆ ನನ್ನ ಬಳಿ ಕೂತು ಕಾಫಿ ಕುಡಿಯುತ್ತಿದ್ದರು. ನಾನು ನೋಡಲಾಗದ ಟೆರೇಸಿನ ವರದಿ ಒಪ್ಪಿಸುತ್ತಿದ್ದರು: ಎರಡೆಲೆ ಬಂತು, ಗೇಣುದ್ದವಾಯಿತು, ಸಿಂಕಿನಲ್ಲಿ ಹಾಕಿದ್ದು ಎಲ್ಲಕ್ಕಿಂತ ಚೆನ್ನಾಗಿದೆ. ಒಂದು ದಿನ ಕಾಫಿ ಲೋಟ ಕೆಳಗಿಡುತ್ತಾ ಹೇಳಿದರು: "ಈ ರೋಡಲ್ಲಿ ನಾನು ಒಳಗೆ ಬಂದು ಕೂತಿರೋ ಮನೆ ಇದೊಂದೇ. ಬಂದ ಹೊಸದ್ರಲ್ಲಿ ವರಮಹಾಲಕ್ಷ್ಮಿಗೆ ಎಲ್ರನ್ನೂ ಕರೆದಿದ್ದೆ. ಇಬ್ರು ಬಂದ್ರು, ಬಾಗಿಲಲ್ಲೇ ಕುಂಕುಮ ತಗೊಂಡು ಹೋದ್ರು."

ನನ್ನನ್ನೂ ಕರೆದಿದ್ದರು, ನನ್ನ ಗಂಡನ ಕೈಲಿ ಹೇಳಿ ಕಳಿಸಿದ್ದರು. ನಾನು ಹೋಗಿರಲಿಲ್ಲ. ಆಫೀಸಿನಿಂದ ಬಂದು ಸುಸ್ತಾಗಿತ್ತು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಹಳೆಯ ಬಂಗಲೆ ಕೆಡವಿ ಕಟ್ಟಿದವರು ಎಂಬ ಸಿಟ್ಟು ಬೀದಿಗೆಲ್ಲ ಇತ್ತು, ನನಗೂ ಇತ್ತು. "ನಾನೂ ಬರ್ಲಿಲ್ಲ, ತಪ್ಪಾಯ್ತು," ಎಂದೆ. ಆಕೆ ಲೋಟ ಎತ್ತಿಕೊಂಡು ಏಳುತ್ತಾ, ನಾಳೆಯಿಂದ ಸಂಜೆಯೂ ಒಂದು ಚೆಂಬು ನೀರು ಬೇಕಾಗುತ್ತದೆ, ಬಿಸಿಲು ಜಾಸ್ತಿಯಾಗಿದೆ ಎಂದರು.

ಮಹಾಲಯ ಅಮಾವಾಸ್ಯೆ ಕಳೆದ ವಾರದಲ್ಲೇ ಗವಾಕ್ಷಿ ಸದ್ದಿಲ್ಲದಂತಾಯಿತು. ಗಂಡ ಏಣಿ ಇಟ್ಟು ಟಾರ್ಚ್ ಬಿಟ್ಟು ನೋಡಿದರು. ಒಣಗಿದ ಮೇಣದ ಎರಿಗಳು ಮಾತ್ರ ಇದ್ದವು, ಜೇನುತುಪ್ಪವಿಲ್ಲ, ಒಂದು ಹುಳುವೂ ಇಲ್ಲ. ಸತ್ತಿರಲಿಲ್ಲ, ಗೂಡು ಬಿಟ್ಟು ಹೋಗಿದ್ದವು. ತಿನ್ನಲು ಇಲ್ಲದ ಕಡೆ ತುಡುವೆ ಹಾಗೆಯೇ ಒಟ್ಟಿಗೆ ಎದ್ದು ಹೋಗುತ್ತದಂತೆ. ಆ ದಿನ ನನಗೆ ಊಟ ಸೇರಲಿಲ್ಲ. ಒಂದು ಕೀಟದ ಗೂಡಿಗೆ ಇಷ್ಟು ದುಃಖಪಡುವುದು ನಾಚಿಕೆಯೆನಿಸಿ ಯಾರಿಗೂ ಹೇಳಲೂ ಇಲ್ಲ. ಪಕ್ಕದ ಮನೆಯ ಯಜಮಾನರು ಮಾತ್ರ ಕಾಂಪೌಂಡಿನಾಚೆಯಿಂದ, "ಹೋದ್ವಂತೆ. ಒಳ್ಳೇದೇ ಆಯ್ತು ಬಿಡಿ," ಎಂದರು. ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಆಕೆ ಎಂದಿನಂತೆ ಮೆಟ್ಟಿಲು ಹತ್ತಿದ ಸದ್ದು ಕೇಳಿ ಅಚ್ಚರಿಯಾಯಿತು.

"ಇನ್ನು ಯಾಕೆ ಕಷ್ಟ ಪಡ್ತೀರಿ?" ಎಂದು ಕೆಳಗಿನಿಂದ ಕೇಳಿದೆ.

"ಹೋದ್ರೆ ಹೋಗ್ಲಿ ಅಕ್ಕಾ. ಬಿತ್ತಿದ್ದೀವಲ್ಲ, ನೀರು ಹಾಕ್ಲೇಬೇಕು."

ರಜೆ ಮುಗಿದು ನಾನು ಆಫೀಸಿಗೆ ಹೋಗತೊಡಗಿದೆ. ದೀಪಾವಳಿ ಬಂದು ಹೋಯಿತು. ಕಾರ್ತಿಕದ ಒಂದು ಬೆಳಿಗ್ಗೆ ಫೈಲು ನೋಡುತ್ತಿದ್ದಾಗ ಆಕೆಯ ಫೋನ್ ಬಂತು. ಆಫೀಸಿಗೆ ಹಿಂದೆಂದೂ ಮಾಡಿದವರಲ್ಲ, ಏನೋ ಆಗಿದೆಯೆಂದು ಗಾಬರಿಯಿಂದ ಎತ್ತಿದೆ.

"ಅಕ್ಕಾ, ಕೇಳಿಸ್ಕೊಳಿ," ಎಂದವರು ಸುಮ್ಮನಾದರು. ಫೋನನ್ನು ಹೂವಿನ ಹತ್ತಿರ ಹಿಡಿದಿರಬೇಕು. ನನಗೆ ಕೇಳಿಸಿದ್ದು ಯಾವುದೋ ಬಸ್ಸಿನ ಹಾರನ್ ಮಾತ್ರ. ಆದರೂ, "ಕೇಳಿಸ್ತು," ಎಂದೆ.

ಆ ಭಾನುವಾರ ಗಂಡನ ಭುಜ ಹಿಡಿದು, ಮೆಟ್ಟಿಲಿಗೊಮ್ಮೆ ನಿಂತು ಮೇಲೆ ಹತ್ತಿದೆ. ಆಪರೇಷನ್ ಆದ ಮೇಲೆ ಅದೇ ಮೊದಲು. ಸಿಂಕು, ಬಕೆಟ್, ಡಬ್ಬ ಒಂದೂ ಕಾಣುತ್ತಿರಲಿಲ್ಲ. ಸೊಂಟದೆತ್ತರ ಹಳದಿ. ಒಂದೊಂದು ಹೂವಿನ ಮೇಲೂ ಜೇನು ಕೂತು ಏಳುತ್ತಿತ್ತು. ನಮ್ಮ ಗೂಡಿನವೋ ಬೇರೆಯವೋ, ಹೇಳುವುದು ಹೇಗೆ? ಎಲ್ಲಿಯವಾದರೂ ಹಸಿದೇ ಬಂದಿದ್ದವು.

ಆಕೆಯ ಗಂಡನೂ ಮೇಲೆ ಬಂದರು. ಚಪ್ಪಲಿಯನ್ನು ಮೆಟ್ಟಿಲಲ್ಲೇ ಬಿಟ್ಟಿದ್ದರು. ಗಿಡಗಳ ನಡುವೆ ಬಗ್ಗಿ ಬುಡ ನೋಡಿ, ಆಮೇಲೆ ನನ್ನ ಕಡೆ ತಿರುಗಿದರು.

"ಬರೀ ಹುಚ್ಚೆಳ್ಳು ಹಾಕಿದ್ದೀರಲ್ಲ ಮೇಡಂ. ನಮ್ಮ ಕಡೆ ರಾಗಿ ಮಧ್ಯೆ ಸಾಲು ಬಿಟ್ಟು ಹಾಕ್ತಿದ್ರು. ಸಾಲು ಹಿಡಿಯೋದು ನನ್ನ ಕೆಲಸ. ವಕ್ರ ಆದ್ರೆ ಅಪ್ಪ ಬಿಡ್ತಿರ್ಲಿಲ್ಲ."

"ಮುಂದಿನ ಸಲ ನೀವೇ ಹಾಕಿಸಿ," ಎಂದರು ನನ್ನ ಗಂಡ.

"ನಮ್ಮ ಟೆರೇಸು ಇದಕ್ಕಿಂತ ದೊಡ್ಡದು," ಎಂದು ಅವರು ಹೇಳಿದ್ದು ಹೆಂಡತಿಗೆ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, ಯಾವ ಮೂಲೆಯಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತದೆಂದು ಅವರಿಗೆ ಬೆರಳು ಮಾಡಿ ತೋರಿಸತೊಡಗಿದರು.