ಕಾಳವ್ವನ ಹಳದಿ ದಾರ

ಕಾಳವ್ವ ಇಳಕಲ್ಲಿನಲ್ಲಿ ನಲವತ್ತೆರಡು ವರ್ಷಗಳಿಂದ ಸೀರೆ ನೇಯುತ್ತಿದ್ದಾಳೆ. ಅವಳಿಗೊಂದು ಹಟವಿದೆ, ಓಣಿಯವರು ಅದನ್ನು ಹುಚ್ಚು ಎನ್ನುತ್ತಾರೆ. ನೇಯುವಾಗ ಎಲ್ಲಿಯಾದರೂ ಎಳೆ ತಪ್ಪಿದರೆ, ಅದರ ಪಕ್ಕದ ಅಂಚಿಗೆ ಒಂದು ತುಂಡು ಹಳದಿ ದಾರ ಕಟ್ಟುತ್ತಾಳೆ. ಕೊಳ್ಳುವವರು ನೋಡಿಯೇ ಕೊಳ್ಳಲಿ ಎಂದು ಅತ್ತೆ ಹೇಳಿಕೊಟ್ಟದ್ದು. ಅತ್ತೆ ಬೇರೇನನ್ನೂ ಪ್ರೀತಿಯಿಂದ ಕಲಿಸಿದವಳಲ್ಲ. ಇದೊಂದನ್ನು ಕೈ ಹಿಡಿದು ಕಲಿಸಿದಳು.

ನಲವತ್ತು ವರ್ಷ ಅವಳ ಸೀರೆಗಳು ಹೆಸರಿಲ್ಲದೆ ಹೋದವು. ಉಟ್ಟವರಿಗೆ ಅಂಗಡಿಯ ಹೆಸರು ಗೊತ್ತು, ನೇಯ್ದವಳದು ಗೊತ್ತಿಲ್ಲ. ಎರಡು ವರ್ಷದ ಹಿಂದೆ ಅವಳ ನೇಕಾರರ ಸಂಘ ಯಾವುದೋ ಕಂಪನಿಯ ಜತೆ ಸೇರಿ ಎಲ್ಲರಿಗೂ ಡಿಜಿಟಲ್ ಗುರುತು ಮಾಡಿಸಿತು. ಸೀರೆಯ ಚೀಟಿಗೆ ಫೋನು ಹಿಡಿದರೆ ನೇಯ್ದವರ ಫೋಟೋ, ಹೆಸರು, ಅವರ ನೇಯ್ಗೆಗೆ ನೂರಕ್ಕೆ ಇಷ್ಟು ಎಂದು ಕಂಪನಿ ಕೊಟ್ಟ ಅಂಕ ಕಾಣುತ್ತಿತ್ತು. ಬ್ಲಾಕ್‌ಚೈನ್ ಎಂಬ ಕಂಪ್ಯೂಟರ್ ಖಾತೆಯಲ್ಲಿ ಬರೆದದ್ದನ್ನು ಯಾರೂ ಅಳಿಸಲಾರರು ಎಂದು ಸಂಘದ ಕೆಲಸ ನೋಡಿಕೊಳ್ಳುವ ಚೇತನಾ ತಿಳಿಸಿ ಹೇಳಿದ್ದಳು. ಕಾಳವ್ವನಿಗೆ ಅದೆಲ್ಲ ಅರ್ಥವಾಗಲಿಲ್ಲ. ತನ್ನ ಹೆಸರು ಸೀರೆಯ ಜತೆ ಹೋಗುತ್ತದೆ ಎಂಬುದಷ್ಟೇ ಅರ್ಥವಾಯಿತು. ಆ ಮಧ್ಯಾಹ್ನ ಮಗ್ಗದ ಕುಣಿಯಲ್ಲಿ ಕೂತು ಸಂತೋಷಕ್ಕೆ ಅತ್ತುಬಿಟ್ಟಳು.

ಮೊದಲು ಅಂಕ ತೊಂಬತ್ತಿತ್ತು. ಬರಬರುತ್ತ ಎಂಬತ್ತಾಯಿತು, ಎಪ್ಪತ್ತಾಯಿತು. ಅರವತ್ತಕ್ಕಿಂತ ಕೆಳಗಿಳಿದರೆ ಚೀಟಿಯಲ್ಲಿ ಹೆಸರು ಬರುವುದಿಲ್ಲ. ಅರವತ್ತೊಂದಾದ ದಿನ ಕಾಳವ್ವ ಸಂಘಕ್ಕೆ ಹೋದಳು.

“ನನ್ನ ತಪ್ಪ ಎಲ್ಲೈತಿ? ಸೀರಿ ಹಾಸಿ ಬೊಟ್ಟ ಮಾಡಿ ತೋರಸವ್ವಾ,” ಎಂದಳು.

“ಅದು ನನಗೂ ಕಾಣಂಗಿಲ್ರಿ ಅಮ್ಮಾ,” ಎಂದಳು ಚೇತನಾ. “ನಾವು ಫೋಟೋ ಕಳಸ್ತೇವಿ, ಅಂಕ ಬರ್ತೈತಿ. ಹೆಂಗ ಹಾಕ್ತಾರಂತ ಕಂಪನಿಯವ್ರು ಹೇಳಂಗಿಲ್ಲ. ಹೇಳಿದ್ರ ಜನ ಮೋಸ ಮಾಡ್ತಾರಂತ.”

“ಫೋಟೋದಾಗ ನನ್ನ ಮಾರಿ ಎಲ್ಲಾರಿಗೂ ಕಾಣತೈತಿ. ಅಂಕ ಹಾಕಾವ್ರ ಮಾರಿ ಯಾರಿಗೂ ಕಾಣಂಗಿಲ್ಲ. ಇದ್ಯಾವ ನ್ಯಾಯ?”

ಕೇಳಬೇಕಾದ ಪ್ರಶ್ನೆಯೇ. ಉತ್ತರ ಕೊಡಬೇಕಾದವರು ಎಲ್ಲಿದ್ದಾರೆಂದು ಮಾತ್ರ ಇಳಕಲ್ಲಿನಲ್ಲಿ ಯಾರಿಗೂ ತಿಳಿಯದು. ಚೇತನಾ ಒಳ್ಳೆಯ ಹುಡುಗಿ. ಎರಡು ತಿಂಗಳು ಕಂಪನಿಗೆ ಇ-ಮೇಲ್ ಮೇಲೆ ಇ-ಮೇಲ್ ಕಳಿಸಿ ಬೆನ್ನುಬಿದ್ದಳು. ಕೊನೆಗೆ ಪೀಡೆ ತೊಲಗಲಿ ಎಂಬಂತೆ ಕಂಪನಿ ಕಾಳವ್ವನ ಮೂರು ಸೀರೆಗಳ ಫೋಟೋ ಕಳಿಸಿತು. ಫೋಟೋ ನೋಡಿ ಅಂಕ ಹಾಕುವ ಕಂಪನಿಯ ಯಂತ್ರ ಎಲ್ಲೆಲ್ಲಿ ದೋಷ ಕಂಡಿತ್ತೋ ಅಲ್ಲೆಲ್ಲ ಒಂದು ಸುತ್ತು. ಪ್ರತಿ ಸುತ್ತಿನ ನಡುವೆ ಹಳದಿ ದಾರ.

ಕಾಳವ್ವ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಆ ಓಣಿಯಲ್ಲಿ ಎಳೆ ತಪ್ಪದ ಕೈ ಯಾವುದಿದೆ? ಮುಚ್ಚಿಟ್ಟವರಿಗೆ ತೊಂಬತ್ತು, ತೋರಿಸಿದವಳಿಗೆ ಅರವತ್ತೊಂದು. ಹೇಳುವಾಗಲೇ ಮೈ ಉರಿಯುತ್ತದೆ.

“ಇನ್ನ ದಾರ ಕಟ್ಟಬ್ಯಾಡ್ರಿ,” ಎಂದಳು ಚೇತನಾ, ಮೆಲ್ಲಗೆ. “ಸಣ್ಣ ತಪ್ಪು ಫೋಟೋದಾಗ ಕಾಣಂಗಿಲ್ಲ. ನಾಕ ಸೀರಿ ಹಂಗ ಕೊಟ್ರ ಅಂಕ ಮ್ಯಾಲ ಬರ್ತೈತಿ.”

ಮುಂದಿನ ಸೀರೆಯಲ್ಲಿ ಕೈ ತಪ್ಪಲೇಬಾರದೆಂದು ಕಾಳವ್ವ ಉಸಿರು ಬಿಗಿಹಿಡಿದು ನೇಯ್ದಳು. ಒಡಲು ಚೆನ್ನಾಗಿಯೇ ಮುಗಿಯಿತು. ಮಗ್ಗದಿಂದ ಇಳಿಸಿ ನೋಡಿದರೆ ಸೆರಗಿನಲ್ಲಿ ಒಂದೇ ಒಂದು ಎಳೆ ತಪ್ಪಿತ್ತು. ಸೀರೆ ಒಯ್ಯಲು ಬಂದ ಚೇತನಾ ಬಗ್ಗಿ ಹುಡುಕಿದಳು.

“ಏನೂ ಇಲ್ರಿ ಇಲ್ಲೆ.”

“ನನಗ ಕಾಣತೈತಲ್ಲವ್ವಾ.”

ಕಾಳವ್ವ ಹಳದಿ ದಾರ ತೆಗೆದಳು. ಹೆಸರಿನ ಆಸೆ ಇರಲಿಲ್ಲವೆಂದಲ್ಲ, ಬಹಳ ಇತ್ತು. ಗಂಟು ಎರಡು ಸಲ ಜಾರಿತು. ಮೂರನೆಯ ಸಲ ಕೂತಿತು.

ವಾರದ ಮೇಲೆ ಅವಳು ಸಂಘಕ್ಕೆ ಹೋದಾಗ ಆ ಸೀರೆಯ ಚೀಟಿ ಬಂದಿತ್ತು. ಅಂಕ ಅರವತ್ತರ ಕೆಳಗಿಳಿದಿತ್ತು; ಫೋನು ಹಿಡಿದರೆ ಫೋಟೋ ಇಲ್ಲ, ಹೆಸರಿನ ಜಾಗ ಖಾಲಿ. ಅದನ್ನು ಹಚ್ಚಲು ಚೇತನಾಗೆ ಕೈ ಬರಲಿಲ್ಲ. ಕಾಳವ್ವನೇ ಚೀಟಿ ಇಸಿದುಕೊಂಡು ಸೀರೆಗೆ ಹಚ್ಚಿದಳು. ಆಮೇಲೆ ಸೀರೆಯನ್ನು ಪೂರ್ತಿ ಬಿಚ್ಚಿ, ಹಳದಿ ದಾರ ಮೇಲೆ ಬರುವಂತೆ ಮತ್ತೆ ಮಡಚಿಟ್ಟಳು.